ಜಗಲಿಯ ಮೇಲೆ ಉಂಡ ತಮ್ಮ

ನನ್ನ ತಮ್ಮ ಗಂಟುಕಳ್ಳನಾಗಿದ್ದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣ ಅಂದುಕೊಂಡರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಆ ರೋಗ ನನಗೆ ಹಳೆಯದು.

ಈಗಿನವರಿಗೆ ಜೇಬುಗಳ್ಳ ಗೊತ್ತು. ನಮ್ಮ ಕಾಲದಲ್ಲಿ ಸಂತೆಗೆ ಬರುವ ರೈತನಿಗೆ ಜೇಬೆಲ್ಲಿತ್ತು? ಗಂಡಸಾದರೆ ಪಂಚೆಯ ಅಂಚಿನಲ್ಲಿ, ಹೆಂಗಸಾದರೆ ಸೆರಗಿನ ತುದಿಯಲ್ಲಿ ಒಂದು ಗಂಟು. ನನ್ನ ತಮ್ಮ ಆ ಗಂಟು ಬಿಚ್ಚಿ ಒಳಗಿದ್ದದ್ದು ತೆಗೆದುಕೊಂಡು, ಒಂದು ಹುಣಸೆಬೀಜ ಇಟ್ಟು, ಮತ್ತೆ ಮೊದಲಿನ ಹಾಗೆಯೇ ಗಂಟು ಹಾಕುತ್ತಿದ್ದನಂತೆ. ಮನೆಗೆ ಹೋಗುವವರೆಗೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಕತ್ತರಿ ಹಾಕುವವರನ್ನು ಕಂಡರೆ ಅವನಿಗೆ ತಾತ್ಸಾರ. "ಬಟ್ಟೆ ಹಾಳು ಮಾಡೋರು" ಅನ್ನುತ್ತಿದ್ದ.

ಅವನ ಬೆರಳು ಹುಟ್ಟಿನಿಂದಲೇ ಹಾಗೆ. ಕೋಲಾರದ ನಮ್ಮ ಬೀದಿಯಲ್ಲಿ ಯಾರ ಕಾಲಿಗೆ ಮುಳ್ಳು ಚುಚ್ಚಿದರೂ ಅವನನ್ನೇ ಕರೆಯುತ್ತಿದ್ದರು. ನಾನು ಒಲೆಯ ಮುಂದೆ ಕೂತಿದ್ದಾಗ ಹಿಂದಿನಿಂದ ಬಂದು ನನ್ನ ಜಡೆಯನ್ನು ಪೂರ್ತಿ ಬಿಚ್ಚಿಬಿಡುತ್ತಿದ್ದ. ಕೂದಲು ಮುಖದ ಮೇಲೆ ಬಿದ್ದಾಗಲೇ ನನಗೆ ತಿಳಿಯುತ್ತಿದ್ದದ್ದು. ನಮ್ಮ ತಾಯಿ ಬೇಗ ಹೋದರು. ಅಪ್ಪ ಜಟಕಾ ಓಡಿಸುತ್ತಿದ್ದರು, ಮನೆಗಿಂತ ಹೆಚ್ಚು ಕುದುರೆಯ ಜೊತೆಯಲ್ಲೇ ಇರುತ್ತಿದ್ದರು. ತಮ್ಮನನ್ನು ಎತ್ತಿ ಆಡಿಸಿದವಳು ನಾನೇ, ಬೈದವಳೂ ನಾನೇ. ಅವನಿಗಾಗಿ ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೆ. ನನಗೆ ಮದುವೆಯಾಗಿ ಮುಳಬಾಗಿಲಿಗೆ ಹೋದಾಗ ಅವನು ಇನ್ನೂ ಚಡ್ಡಿ ಹಾಕುವ ಹುಡುಗ. ಅತ್ತೆ ಮನೆಯವರು ಅವನನ್ನು ನೋಡಿದ್ದು ಆಗ ಒಂದೇ ಸಲ. ಅಪ್ಪನೂ ತೀರಿಕೊಂಡ ಮೇಲೆ ಅವನಿಗೆ ಸಂತೆಯೇ ಮನೆಯಾಯಿತು. ಶ್ರೀನಿವಾಸಪುರದ ಸಂತೆ, ಮುಳಬಾಗಿಲ ಸಂತೆ, ಮಾಲೂರ ಸಂತೆ ಅಂತ ಸುತ್ತುತ್ತಿದ್ದ. ಜೊತೆಗೆ ಒಬ್ಬ ಜೋಡಿ. ಆ ಜೋಡಿ ಮುಂದಿನಿಂದ ಬಂದು ಡಿಕ್ಕಿ ಹೊಡೆದು "ಕಣ್ ಕಾಣಲ್ವಾ" ಅಂತ ಜಗಳ ತೆಗೆಯುವುದು, ಇವನು ಹಿಂದಿನಿಂದ ಗಂಟು ಬಿಚ್ಚುವುದು.

ಒಂದು ಸಲ ಮಾಲೂರಿನಲ್ಲಿ ಬದನೆಕಾಯಿ ಆರಿಸುತ್ತಿದ್ದ ಒಬ್ಬ ದಪ್ಪ ಮನುಷ್ಯನ ಗಂಟಿಗೆ ಕೈ ಹಾಕಿದ. ಆ ಮನುಷ್ಯ ರಜದಲ್ಲಿದ್ದ ಪೊಲೀಸಿನವನು. ಇಬ್ಬರೂ ಸಿಕ್ಕಿಬಿದ್ದು ಬೆಂಗಳೂರಿನ ಸೆರೆಮನೆಗೆ ಹೋದರು. ಜೋಡಿಯ ಮೇಲೆ ಹಳೆಯ ಕೇಸುಗಳೂ ಇದ್ದದ್ದರಿಂದ ಅವನಿಗೆ ಶಿಕ್ಷೆ ಹೆಚ್ಚು.

ಮುಳಬಾಗಿಲಿನಲ್ಲಿ ನಮ್ಮ ಅತ್ತೆ ಮನೆಯವರದು ಹುಣಸೆಹಣ್ಣಿನ ವ್ಯಾಪಾರ. ಬೀದಿಯಲ್ಲಿ ಮರ್ಯಾದಸ್ಥರು. ನನ್ನ ಗಂಡ ಸರಕಿನ ಗಾಡಿಯ ಜೊತೆ ವಾರಗಟ್ಟಲೆ ಊರೂರು ತಿರುಗುತ್ತಿದ್ದರು. ನಿನ್ನ ತಮ್ಮ ಯಾಕೆ ಬರುವುದಿಲ್ಲ ಎಂದು ಅತ್ತೆ ಕೇಳಿದಾಗ, ರಂಗೂನಿಗೆ ಹೋಗಿದ್ದಾನೆ ಅಂದೆ. ಯಾರೋ ರಂಗೂನಿನ ಮಾತು ಆಡುತ್ತಿದ್ದದ್ದು ಕಿವಿಗೆ ಬಿದ್ದಿತ್ತು, ಅಷ್ಟೆ. ಮಾರನೆಯ ದಿನ ಎದುರು ಮನೆಯಾಕೆ ಬಂದು, "ನಿಮ್ಮ ತಮ್ಮ ಬರೋವಾಗ ಒಂದು ಛತ್ರಿ ತರೋಕೆ ಹೇಳಮ್ಮಾ, ಅಲ್ಲಿ ಛತ್ರಿ ಚೆನ್ನಾಗಿರ್ತವಂತೆ" ಅಂದಳು. ನಾನು ಹೂಂ ಅಂದೆ.

ಗೌರಿ ಹಬ್ಬ ಹತ್ತಿರವಿದ್ದ ಒಂದು ಬೆಳಗ್ಗೆ ಅತ್ತೆ ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ನಾನು ಬಾಗಿಲ ಮುಂದೆ ಸಗಣಿ ಸಾರಿಸುತ್ತಿದ್ದೆ. ಬೀದಿಯ ಕೊನೆಯಿಂದ ಒಬ್ಬ ಬರುತ್ತಿದ್ದ. ತಲೆಗೆ ಟವಲು ಸುತ್ತಿದ್ದ, ತೋಳಿಗೆ ದಾರದಲ್ಲಿ ಪೋಣಿಸಿದ ಹಸಿರು ಗಾಜಿನ ಬಳೆಗಳನ್ನು ಏರಿಸಿಕೊಂಡಿದ್ದ. ನಡಿಗೆಯಿಂದಲೇ ಗುರುತು ಹಿಡಿದೆ. ಟವಲಿನ ಕೆಳಗೆ ಬೋಳಿಸಿದ ತಲೆ ಕಾಣುತ್ತಿತ್ತು. ಅವನು ನನ್ನನ್ನು ನೋಡಿ ಬಾಯಿತುಂಬ ನಕ್ಕು, ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೇಳಿದರು:

"ಯಾರೇ ಅದು?"

"ಬಳೆಯವನು ಅತ್ತೆ" ಅಂದುಬಿಟ್ಟೆ.

ಅವನು ಒಂದು ಕ್ಷಣ ನಿಂತ. ನಗು ಮಾತ್ರ ಹಾಗೇ ಇತ್ತು. ಆಮೇಲೆ ಹುಟ್ಟಿದಾರಭ್ಯ ಕೂಗಿಕೊಂಡೇ ಬಂದವನ ಹಾಗೆ, "ಬಳೇ ಬೇಕಾ ತಾಯೀ, ಹೊಸಾ ಬಳೇ!" ಅಂದ.

"ರಾರಾ ಅಬ್ಬಾಯಿ" ಎಂದು ಅತ್ತೆ ತೆಲುಗಿನಲ್ಲೇ ಬಾರಪ್ಪ ಅಂದರು. ಖುಷಿಯಾದಾಗಲೂ ಕೋಪ ಬಂದಾಗಲೂ ಅವರಿಗೆ ತೆಲುಗೇ ಮೊದಲು ಬರುತ್ತಿತ್ತು. "ನಮ್ಮ ಬೀದಿಗೆ ಬರೋ ಮುದುಕ ಕಾಲು ಮುರ್ಕೊಂಡು ಬಿದ್ದವ್ನೆ, ಹಬ್ಬಕ್ಕೆ ಏನಪ್ಪಾ ಮಾಡೋದು ಅಂತಿದ್ದೆ. ನೋಡು, ಆ ಗೌರಮ್ಮನೇ ಕಳಿಸಿದ್ಲು."

ಅವನು ಜಗಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತ. ಅತ್ತೆ ಕೈ ಚಾಚಿದರು. ಬಳೆಯವರು ತೊಡಿಸುವ ಕ್ರಮ ನಮ್ಮ ಕಡೆ ಪ್ರತಿ ಹೆಂಗಸಿಗೂ ಗೊತ್ತು. ಹಳೆಯ ಬಳೆಗಳಲ್ಲಿ ಒಂದನ್ನಾದರೂ ಕೈಯಲ್ಲಿ ಬಿಟ್ಟು, ಹೊಸದನ್ನು ಏರಿಸಿ, ಆಮೇಲೆ ಅದನ್ನು ತೆಗೆಯಬೇಕು. ಮುತ್ತೈದೆಯ ಕೈ ಒಂದು ಗಳಿಗೆಯೂ ಬರಿದಾಗಬಾರದು. ನನ್ನ ತಮ್ಮನಿಗೆ ಇದು ಹೇಗೆ ಗೊತ್ತಾಗಬೇಕು? ಅವನ ಬೆರಳಿಗೆ ಗೊತ್ತಿದ್ದದ್ದು ತೆಗೆಯುವುದು. ಮಳೆ ಬೆಳೆ ಅಂತ ಏನೋ ಮಾತಾಡುತ್ತಾ ಎರಡೂ ಕೈಗಳ ಬಳೆಗಳನ್ನು, ನಡುವಿನ ಚಿನ್ನದ ಜೋಡಿಯನ್ನೂ ಸೇರಿಸಿ, ತೆಗೆದು ಮೊರದಲ್ಲಿ ಅಕ್ಕಿಯ ಮೇಲೆ ಸಾಲಾಗಿ ಇಟ್ಟುಬಿಟ್ಟ. ಅತ್ತೆಗೆ ಏನೂ ತಿಳಿಯಲಿಲ್ಲ. ಮೂಗು ಒರೆಸಿಕೊಳ್ಳಲು ಕೈ ಎತ್ತಿದರು, ಸದ್ದಿಲ್ಲ. ನೋಡಿಕೊಂಡರು.

"ಅಯ್ಯಯ್ಯೋ! ಬರಿಗೈ ಮಾಡ್ಬಿಟ್ಟನಲ್ಲೇ ಪಾಪಿ! ನನ್ನ ಕೈ ಬರಿದಾಯ್ತಲ್ಲೇ!"

ಒಳಗೆ ಕೂತಿದ್ದ ಮಾವನವರು ಅಲ್ಲಿಂದಲೇ ಕೂಗಿದರು: "ಯಾಕೇ ಹಂಗೆ ಕಿರುಚ್ತೀಯ? ನಾನಿನ್ನೂ ಇದ್ದೀನಿ ಕಣೇ!"

ಎದುರು ಮನೆಯವರೆಲ್ಲ ಹೊರಗೆ ಬಂದರು. ನನ್ನ ಕೈಯಲ್ಲಿದ್ದ ಸಗಣಿ ಕೈಯಲ್ಲೇ ಉಳಿಯಿತು. ತಮ್ಮ ಮಾತ್ರ ಒಂದಿಷ್ಟೂ ಅಲುಗಾಡದೆ, "ಕಣ್ ಮುಚ್ಕೊಳ್ಳಿ ತಾಯಿ, ಗೌರಮ್ಮಾ ಗೌರಮ್ಮಾ ಗೌರಮ್ಮಾ ಅಂತ ಮೂರು ಸಲ ಅನ್ನಿ" ಅಂದ. ಅತ್ತೆ ಗಾಬರಿಯಲ್ಲಿ ಅಂದೇಬಿಟ್ಟರು. ಕಣ್ಣು ಬಿಡುವಷ್ಟರಲ್ಲಿ ಎರಡೂ ಕೈ ತುಂಬ ಹಸಿರು ಬಳೆ, ಚಿನ್ನದ ಜೋಡಿ ಅದರದರ ಜಾಗದಲ್ಲಿ. ಅತ್ತೆಯದು ದಪ್ಪ ಕೈ. ಹಳೆಯ ಮುದುಕ ತೊಡಿಸಿದರೆ ಎಣ್ಣೆ ಹಚ್ಚಿ, ಹಿಂಡಿ, ಎರಡು ಮೂರು ಒಡೆದು, ಅತ್ತೆ ಕಣ್ಣಲ್ಲಿ ನೀರು ಹಾಕಿ ಮುಗಿಯುತ್ತಿತ್ತು. ಈಗ ಅವರು ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಒಂಚೂರೂ ನೋವಾಗ್ಲಿಲ್ಲವಲ್ಲೇ! ಇದೇನ್ ಬೆರಳೋ ಬೆಣ್ಣೆಯೋ?" ಅಂದರು.

ಆಮೇಲೆ ಬೀದಿಗೆ ಬೀದಿಯೇ ಕೈ ಚಾಚಿತು. ಊಟದ ಹೊತ್ತಿಗೆ ಅವನ ತೋಳು ಖಾಲಿ. ದೂರದಿಂದ ಬಂದ ಬಳೆಯವನಿಗೆ ಒಂದು ತುತ್ತು ಹಾಕು ಎಂದು ಅತ್ತೆ ಹೇಳಿದರು. ನಾನು ಜಗಲಿಯ ಮೇಲೆ ಎಲೆ ಹಾಕಿ ಮುದ್ದೆ ಸಾರು ಬಡಿಸಿದೆ. ಆಗ ಅವನು ತಲೆ ಎತ್ತದೆ ಮೆಲ್ಲಗೆ ಹೇಳಿದ:

"ನಿಂಗೆ ಅಂತ ತಂದಿದ್ದು ಕಣಕ್ಕ. ತೌರಿಂದ ಹಬ್ಬಕ್ಕೆ ಇನ್ಯಾರು ತರ್ತಾರೆ. ಸೆರೆಮನೇಲಿ ಜಮಖಾನ ನೇಯ್ದಿದ್ದಕ್ಕೆ ಕೊಟ್ಟಿದ್ರು. ನಿನ್ನ ಕೈ ಈಗ ಎಷ್ಟಾಗಿದೆಯೋ ಗೊತ್ತಿರ್ಲಿಲ್ಲ, ಅದಕ್ಕೇ ಎಲ್ಲಾ ಅಳತೇದೂ ತಂದೆ."

ನಾನು ಇನ್ನೊಂದು ಸೌಟು ಸಾರು ಹಾಕಿದೆ. ಅವನು ನಕ್ಕ. "ಬಳೆಯವನು ಅಂದಿದ್ದು ಒಳ್ಳೇದಾಯ್ತು ಬಿಡು. ಗಂಟುಕಳ್ಳ ಅಂದಿದ್ರೆ ನಿಮ್ಮತ್ತೆ ಮುದ್ದೆ ಹಾಕಿಸ್ತಿದ್ರಾ?" ದಾರದಲ್ಲಿ ಉಳಿದಿದ್ದದ್ದು ಎಳೆಮಗುವಿನ ಅಳತೆಯ ಎರಡು ಬಳೆ. ಅವನ್ನು ನನ್ನ ಕೈಗೆ ಕೊಟ್ಟು ಹೋದ.

ಹಾಗೆ ನನ್ನ ಸುಳ್ಳೇ ಅವನಿಗೆ ಕಸುಬಾಯಿತು. ಕೋಲಾರದಲ್ಲಿ ಬಳೆ ಅಂಗಡಿ ಇಟ್ಟಿದ್ದ ಒಬ್ಬ ವಯಸ್ಸಾದ ಸಾಬರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದನಂತೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ಅರೇ ದಿವಾನಾ, ಒಂದು ಬಳೆ ಕೈಯಲ್ಲಿ ಬಿಡ್ಬೇಕು ಕಣೋ" ಅಂತ ಕ್ರಮ ಕಲಿಸಿ, ಹೆಗಲಿಗೆ ಬಳೆಗಳ ಮಲಾರ ಏರಿಸಿ ಕಳಿಸಿದರು. ಹುತ್ತೂರು, ಬೈರಕೂರು, ಶ್ರೀನಿವಾಸಪುರ ಎಲ್ಲ ಸುತ್ತುತ್ತಿದ್ದ. ಮಾಲೂರಿಗೆ ಮಾತ್ರ ಹೋಗುತ್ತಿರಲಿಲ್ಲ, "ಅಲ್ಲಿ ಬದನೆಕಾಯಿ ನೋಡಿದ್ರೆ ಈಗ್ಲೂ ಮೈ ನಡುಗ್ತದೆ" ಅನ್ನುತ್ತಿದ್ದ. ನಮ್ಮ ಬೀದಿಗೆ ಬಂದಾಗಲೆಲ್ಲ ಜಗಲಿಯ ಮೇಲೆ ಊಟ. ಅತ್ತೆ ಅವನ ಜೊತೆ ತೆಲುಗಿನಲ್ಲಿ ಹರಟೆ ಹೊಡೆಯುತ್ತಿದ್ದರು. ನಾನು ಸೆರಗು ಹೊದ್ದು ಬಡಿಸಿ ಒಳಗೆ ಹೋಗುತ್ತಿದ್ದೆ, ಬಳೆಯವನ ಮುಂದೆ ಸೊಸೆ ಎಷ್ಟು ಹೊತ್ತು ನಿಲ್ಲಬಹುದೋ ಅಷ್ಟೇ ಹೊತ್ತು ನಿಂತು.

ಇಷ್ಟರಲ್ಲಿ ಯುದ್ಧ ಬಂತು. ಜಪಾನಿನವರು ರಂಗೂನಿಗೆ ಬಾಂಬು ಹಾಕಿದರು, ಅಲ್ಲಿದ್ದ ನಮ್ಮ ಜನ ಕಾಡು ಬೆಟ್ಟ ನಡೆದು ಬರುತ್ತಿದ್ದಾರೆ ಎಂದು ಸುದ್ದಿ ಬಂತು. ಇದು ನಮ್ಮ ಬೀದಿಗೆ ಮುಟ್ಟಿದ್ದೇ ತಡ, ಎಲ್ಲರೂ ನನ್ನನ್ನು ಸಮಾಧಾನ ಮಾಡಲು ಬಂದರು. ಎದುರು ಮನೆಯಾಕೆ, "ಛತ್ರಿ ಹೋದ್ರೆ ಹೋಗ್ಲಿ, ಹುಡುಗ ಬಂದ್ರೆ ಸಾಕು" ಅಂತ ಅತ್ತಳು. ಅತ್ತೆಯಂತೂ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಅದೇ ವಾರ ತಮ್ಮ ಬಂದು ಜಗಲಿಯ ಮೇಲೆ ಉಣ್ಣುತ್ತಿದ್ದಾಗ ಅವನ ಮುಂದೆಯೇ ಕಣ್ಣೊರೆಸಿಕೊಂಡರು.

"ನೋಡಪ್ಪಾ, ನಮ್ಮ ಸೊಸೆ ತಮ್ಮ. ಒಬ್ಬನೇ ತಮ್ಮ. ಎಲ್ಲವ್ನೋ ಏನು ತಿಂದವ್ನೋ."

"ಎಲ್ಲೋ ಒಂದು ಕಡೆ ಹೊಟ್ಟೆ ತುಂಬ ಉಣ್ತಾ ಇರ್ತಾನೆ ಬಿಡಿ ಅಮ್ಮಾ. ಇನ್ನೊಂಚೂರು ಸಾರು ಹಾಕ್ಸಿ" ಅಂದ ನನ್ನ ತಮ್ಮ.

ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆ ನಗು ಮುಗಿದ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಹೇಳಲಿಲ್ಲ.

ಸ್ವಲ್ಪ ದಿನಕ್ಕೆ ಅವನು ನನ್ನನ್ನು ಬೀದಿಯ ಕೊನೆಯ ಬಾವಿಕಟ್ಟೆಯಲ್ಲಿ ಹಿಡಿದ. ಅವತ್ತು ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಅಕ್ಕ, ನನ್ನ ಹಳೇ ಜೋಡಿ ಬಿಡುಗಡೆಯಾಗಿ ಬಂದವ್ನೆ. ಕೋಲಾರದ ಬಸ್ಸಿನ ಹತ್ರ ದಿನಾ ಕಾಯ್ತಾನೆ. 'ಎಲ್ಲರ ಮನೆ ಜಗಲೀನೂ ನಿನಗೆ ಬಿಟ್ಟವ್ರೆ, ಯಾರ ಕೈಲಿ ಚಿನ್ನ ಐತೆ ಅಂತ ಹೇಳು ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ' ಅಂತಾನೆ."

"ನೀನೇನಂದೆ?"

"ಆಗಲ್ಲ ಅಂದೆ. ಆದ್ರೆ ದಿನಾ ದಿನಾ ಆಗಲ್ಲ ಅನ್ನೋದು ಕಷ್ಟ ಕಣಕ್ಕ. ಹಸಿದಿರೋವಾಗ ಒಂದಿನ ಹೂಂ ಅಂದ್ಬಿಡ್ತೀನಿ. ಆಮೇಲೆ ಮತ್ತೆ ಸಂತೇನೇ, ಮತ್ತೆ ಸೆರೆಮನೇನೇ." ಹೆಗಲ ಮಲಾರವನ್ನು ಕಟ್ಟೆಯ ಮೇಲೆ ಇಳಿಸಿ ಹೇಳಿದ: "ಕೋಲಾರ ಬಿಟ್ಟು ಇಲ್ಲೇ ಬಂದು ಇರ್ತೀನಿ. ಆದ್ರೆ ನನ್ನಂಥೋನು ಊರು ಬದಲಾಯಿಸ್ಬೇಕಾದ್ರೆ, ಇವನು ನಮ್ಮೋನು ಅಂತ ಆ ಊರಲ್ಲಿ ಯಾರಾದ್ರೂ ಠಾಣೇಲಿ ಹೇಳ್ಬೇಕಂತೆ. ನೀನು ಮನೇಲಿ ಒಂದು ಮಾತು ಹೇಳು ಅಕ್ಕ. ಬೈದ್ರೆ ನನ್ನನ್ನೇ ಬೈಲಿ."

"ಹಬ್ಬ ಕಳೀಲಿ ಕಣೋ" ಅಂದೆ. ಯಾವ ಹಬ್ಬ ಎಂದು ಅವನು ಕೇಳಲಿಲ್ಲ. ಹತ್ತಿರದಲ್ಲಿ ಯಾವ ಹಬ್ಬವೂ ಇರಲಿಲ್ಲ.

ಅತ್ತೆ ಮನೆಯವರು ಓಡಿಸಿಬಿಡುತ್ತಾರೆ ಎಂಬ ಭಯ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ನಮ್ಮ ಅತ್ತೆಯ ಬಾಯಿ ಜೋರು, ಮನಸ್ಸು ಹಾಗಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಬೀದಿಯಲ್ಲಿ ನಾನು ಒಳ್ಳೆಯ ಮನೆಯಿಂದ ಬಂದ ಸೊಸೆ ಎನಿಸಿಕೊಂಡಿದ್ದೆ. ಆ ಹೆಸರು ಸಿಹಿಯಾಗಿತ್ತು, ಬಿಡಲು ಮನಸ್ಸಾಗಲಿಲ್ಲ.

ಮುಂದಿನ ಸಂತೆಯ ದಿನ ಮಧ್ಯಾಹ್ನ ನಮ್ಮ ಬಾಗಿಲ ಮುಂದೆ ಗದ್ದಲವಾಯಿತು. ಪೊಲೀಸು ದಫೇದಾರ ನನ್ನ ತಮ್ಮನ ರಟ್ಟೆ ಹಿಡಿದುಕೊಂಡು ನಿಂತಿದ್ದ. ಸಂತೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯ ಗಂಟು ಹೋಗಿತ್ತು. ದಫೇದಾರ ಕೋಲಾರದಿಂದ ಹೊಸದಾಗಿ ಬಂದವನು, ತಮ್ಮನ ಮುಖ ಅವನಿಗೆ ಪರಿಚಯ. ಬೆಳಗಿನಿಂದ ಈ ಬೀದಿಯಲ್ಲೇ ಬಳೆ ತೊಡಿಸುತ್ತಿದ್ದೆ ಎಂದು ತಮ್ಮ ಹೇಳಿದ್ದಕ್ಕೆ, ನಿಜವೋ ಸುಳ್ಳೋ ನೋಡಲು ಎಳೆದು ತಂದಿದ್ದ.

ನಾನು ಬಾಗಿಲ ಹಿಂದೆ ನಿಂತುಕೊಂಡೆ.

"ಏನಮ್ಮಾ, ಇವನು ಬೆಳಗ್ಗೆ ಇಲ್ಲಿದ್ನಾ?" ಅಂದ ದಫೇದಾರ.

"ಎಲ್ರೂ ಬನ್ರೇ ಇಲ್ಲಿ!" ಎಂದು ಅತ್ತೆ ಬೀದಿಗೆ ಕೇಳುವಂತೆ ಕೂಗಿದರು. ಹೆಂಗಸರೆಲ್ಲ ಬಂದರು. "ಕೈ ತೋರಿಸ್ರೇ ದಫೇದಾರ್ರಿಗೆ!"

ಮುದುಕಿಯರು, ಎಳೆಯ ಸೊಸೆಯರು, ಮೂಗು ಸುರಿಸುವ ಹುಡುಗಿಯರು ಎಲ್ಲರೂ ಕೈ ಮುಂದೆ ಚಾಚಿದರು. ಎಲ್ಲರ ಕೈಯಲ್ಲೂ ಅದೇ ಹೊಸ ಹಸಿರು. ಒಬ್ಬಳು ದಫೇದಾರನ ಮೂಗಿನ ಹತ್ತಿರವೇ ಕೈ ಅಲ್ಲಾಡಿಸಿ ಗಲಗಲ ಅನ್ನಿಸಿದಳು. ಅವನು ಎರಡು ಹೆಜ್ಜೆ ಹಿಂದೆ ಹೋದ.

"ಆಯ್ತು ಆಯ್ತು, ಈ ಗಂಟು ಇವನು ಬಿಚ್ಚಿಲ್ಲ. ಆದ್ರೆ ಇವನ್ಯಾರು ಗೊತ್ತೇನಮ್ಮಾ ನಿಮಗೆ? ಸೆರೆಮನೆ ಊಟ ಉಂಡು ಬಂದೋನು. ಗಂಟುಕಳ್ಳ."

ಬಳೆಗಳ ಸದ್ದು ನಿಂತಿತು. ಅತ್ತೆ ತಮ್ಮನ ಮುಖ ನೋಡಿದರು. "ಹೌದೇನೋ?" ಅಂದರು.

"ಹೌದಮ್ಮಾ" ಅಂದ.

ದಫೇದಾರ ಅವನ ಕಡೆ ತಿರುಗಿದ. "ಈ ಊರಲ್ಲಿ ನಮ್ಮೋರು ಅಂತ ನಿಂಗೆ ಯಾರಾದ್ರೂ ಇದ್ದಾರೇನೋ? ಇದ್ರೆ ಈಗ ಹೇಳು, ಇಲ್ಲೇ ಇರು. ಇಲ್ದಿದ್ರೆ ನಡಿ ಕೋಲಾರಕ್ಕೆ. ಇನ್ನೊಂದ್ಸಲ ಈ ಕಡೆ ಕಾಣಿಸ್ಕೋಬೇಡ."

ತಮ್ಮ ಮಲಾರವನ್ನು ಹೆಗಲಿನಿಂದ ಹೆಗಲಿಗೆ ಬದಲಾಯಿಸಿದ. ಟವಲು ಬಿಚ್ಚಿ ಮುಖ ಒರೆಸಿಕೊಂಡ, ನಿಧಾನವಾಗಿ ಮತ್ತೆ ಸುತ್ತಿದ. ಅಯ್ಯೋ ದೇವರೇ, ಇವನು ಈಗ ನನ್ನ ಕಡೆ ಕೈ ತೋರಿಸುತ್ತಾನೆ ಎಂದು ಕಂಬ ಹಿಡಿದುಕೊಂಡೆ.

"ಯಾರೂ ಇಲ್ಲ ಸ್ವಾಮಿ" ಅಂದ.

ನನಗೆ ಸಮಾಧಾನವಾಯಿತು. ಅದನ್ನು ಹೇಳುವುದಕ್ಕೇ ನಾನು ಇಷ್ಟೆಲ್ಲ ಹೇಳಿದ್ದು. ನಾನು ಸಾಕಿದ ತಮ್ಮ ತನಗೆ ಯಾರೂ ಇಲ್ಲ ಅಂದಾಗ ನನಗೆ ಸಮಾಧಾನವಾಯಿತು.

ಆಗ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಯಾರೂ ಇಲ್ಲ ಅಂದ್ರೆ? ನಾವೇನು ಸತ್ತಿದ್ದೀವಾ? ದಫೇದಾರ್ರೇ, ನನ್ನ ಚಿನ್ನದ ಬಳೆ ನಂಗೇ ಗೊತ್ತಾಗ್ದಂಗೆ ಬಿಚ್ಚಿ, ನಂಗೇ ಗೊತ್ತಾಗ್ದಂಗೆ ವಾಪಸ್ಸು ಹಾಕ್ದೋನು ಇವನು. ತಗೊಂಡು ಹೋಗೋನಾಗಿದ್ರೆ ಅವತ್ತೇ ಹೋಗ್ತಿದ್ದ. ಇವನು ನಮ್ಮೋನು. ನಮ್ಮ ಮನೆ ಹೆಸ್ರು ಬರ್ಕೊಳ್ಳಿ."

"ಯಜಮಾನರನ್ನ ಕೇಳಬೇಡ್ವೇನಮ್ಮಾ?"

ಮಾವನವರು ಒಳಗಿನಿಂದಲೇ, "ಬರ್ಕೊಳ್ಳಪ್ಪಾ, ನನ್ನನ್ನ ಯಾವತ್ತು ಕೇಳವ್ಳೆ ಅವಳು" ಅಂದರು.

ಬೀದಿಯೆಲ್ಲ ನಕ್ಕಿತು, ದಫೇದಾರನೂ ನಕ್ಕ. ಮಾರನೆಯ ದಿನವೇ ಬೆಲ್ಲದ ವ್ಯಾಪಾರಿಯ ಗಂಟಿನ ಸಮೇತ ಆ ಹಳೆಯ ಜೋಡಿ ಶ್ರೀನಿವಾಸಪುರದ ದಾರಿಯಲ್ಲಿ ಸಿಕ್ಕಿಬಿದ್ದ. ತಮ್ಮ ನಮ್ಮ ಊರಲ್ಲೇ ಒಂದು ಸಣ್ಣ ಕೋಣೆ ಹಿಡಿದ.

ನಾನು ಅತ್ತೆಗೆ ನಿಜ ಹೇಳಿದ್ದು ಇದಾದ ಮೇಲೆ. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಾ ಇಬ್ಬರೇ ಕೂತಿದ್ದೆವು. ಆ ಬಳೆಯವನು ನನ್ನ ಒಡಹುಟ್ಟಿದ ತಮ್ಮ, ರಂಗೂನು ಸುಳ್ಳು ಅಂದೆ. ಅತ್ತೆಯ ಕೈಯಲ್ಲಿದ್ದ ಕೊಡತಿ ಮೇಲೆಯೇ ನಿಂತಿತು. ಹೊಡೆಯುತ್ತಾರೆ ಅಂದುಕೊಂಡೆ.

"ಓಸಿ ನೀ! ಸೊಸೆಯ ತಮ್ಮನಿಗೆ ಇಷ್ಟು ವರ್ಷ ಜಗಲಿ ಮೇಲೆ ಎಲೆ ಹಾಕಿಸಿದ್ಯಲ್ಲೇ ನನ್ನ ಕೈಲಿ! ಬೀಗರ ಮನೆ ಹುಡುಗನಿಗೆ ಒಂದಿನ ಮಣೆ ಹಾಕಿದ್ವಾ, ತುಪ್ಪ ಬಡಿಸಿದ್ವಾ? ಆ ರಂಗೂನಿನೋನಿಗೆ ಅಂತ ದೇವರ ಮುಂದೆ ಅಷ್ಟು ತುಪ್ಪ ಸುಟ್ಟೆನಲ್ಲೇ, ಇವನ ಎಲೆಗೆ ಹಾಕಿದ್ರೂ ಆಗ್ತಿತ್ತು!"

ಕಳ್ಳತನದ ಮಾತನ್ನು ಅವರು ಎತ್ತಲೇ ಇಲ್ಲ. ಅವರು ಬೈಯುತ್ತಿದ್ದಷ್ಟೂ ಹೊತ್ತು ನಾನು ನಗುತ್ತಾ ಅಳುತ್ತಾ ಇದ್ದೆ. ಆದರೆ ಒಂದು ಮಾತು ಇದೆ. ಅವರು ಬೀದಿಯಲ್ಲಿ ನಿಂತು ನಮ್ಮೋನು ಎಂದು ಹೇಳಿಯಾದ ಮೇಲೆ ನಾನು ಹೇಳಿದೆ. ಅಷ್ಟು ಹೊತ್ತಿಗೆ ಹೇಳುವುದರಲ್ಲಿ ನನಗೆ ನಷ್ಟವೇನೂ ಉಳಿದಿರಲಿಲ್ಲ.

ಮುಂದಿನ ಸಲ ಅವನು ಬಂದಾಗ ಅತ್ತೆ ಕೈ ಹಿಡಿದು ಒಳಗೆ ಎಳೆದುಕೊಂಡು ಬಂದರು. ನಡುಮನೆಯಲ್ಲಿ ಮಾವನವರ ಪಕ್ಕದಲ್ಲೇ ಮಣೆ ಹಾಕಿದರು. ಹೋಳಿಗೆ ಮಾಡಿಸಿದ್ದರು. ಅವನಿಗೆ ಮಣೆಯ ಮೇಲೆ ಕೂರಲು ಬರದೆ ಅತ್ತ ಇತ್ತ ಮಿಸುಕಾಡುತ್ತಿದ್ದ. ಮಾವನವರು ಸಂತೆಯ ಕತೆ ಹೇಳಿಸಿದರು. ಬದನೆಕಾಯಿ ಪೊಲೀಸಿನ ಕತೆ ಕೇಳಿ ಅವರಿಗೆ ನೆತ್ತಿಗೇರಿ ಕೆಮ್ಮು ಬಂತು. ಅತ್ತೆ ತುಪ್ಪ ಬಡಿಸುತ್ತಾ ಕೇಳಿದರು:

"ಅದೆಲ್ಲ ಸರಿ ಕಣೋ. ಅವತ್ತು ದಫೇದಾರ ಕೇಳ್ದಾಗ ಯಾರೂ ಇಲ್ಲ ಅಂತ ಯಾಕಂದೆ? ಅಕ್ಕ ಇದ್ದಾಳೆ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಅಕ್ಕ ಬಾಗಿಲ ಹಿಂದೇನೇ ಇದ್ಲಲ್ಲಮ್ಮಾ" ಅಂದ ಅವನು, ಹೋಳಿಗೆ ಮುರಿಯುತ್ತಾ. "ಕಾಲು ಕಾಣ್ತಿತ್ತು. ಅವಳೇ ಹೇಳ್ತಾಳೇನೋ ಅಂತ ಟವಲು ಸುತ್ತೋ ನೆಪದಲ್ಲಿ ಆದಷ್ಟು ಹೊತ್ತು ಕಾದೆ. ಟವಲು ಎಷ್ಟು ಉದ್ದ ಇರ್ತದೆ ಹೇಳಿ, ಮುಗಿದೋಯ್ತು."

ಎಲ್ಲರೂ ನಕ್ಕರು. ಅವನು ಎಲ್ಲರಿಗಿಂತ ಜೋರಾಗಿ ನಕ್ಕ, ಅವನ ಮನಸ್ಸಿನಲ್ಲಿ ಒಂದು ಚೂರೂ ಕಹಿ ಇರಲಿಲ್ಲ. ನಾನೂ ನಕ್ಕೆ. ಇನ್ನೊಂದು ಹೋಳಿಗೆ ತರುತ್ತೇನೆ ಎಂದು ಅಡಿಗೆಮನೆಗೆ ಹೋದವಳು, ಅತ್ತೆ ಎರಡು ಸಲ ಕೂಗುವವರೆಗೂ ಹೊರಗೆ ಬರಲಿಲ್ಲ.